ಹೊಲಿಗೆ ಬಿಡುವ ಎದೆಬಡಿತ: ಮಾತ್ರೆಯೋ, ಅಬ್ಲೇಷನ್ನೋ?

ತಿಪಟೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ನಮ್ಮಕ್ಕ ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, ‘ಮನೇಲಿರೋ ಬಿಪಿ ಮಷಿನ್ ಕೆಟ್ಟೋಗೈತೇನೋ, ಪಲ್ಸು 38 ಅಂತ ತೋರಿಸ್ತೈತೆ’ ಅಂದಳು. ಬಿಪಿ ಸರಿಯಾಗೇ ಇತ್ತು. ಇನ್ನೊಮ್ಮೆ ಕಟ್ಟಿಕೊಂಡು ನೋಡು ಅಂದೆ. 41. ತಲೆಸುತ್ತಿಲ್ಲ, ಎದೆನೋವಿಲ್ಲ, ಉಸಿರು ಕಟ್ಟಿಲ್ಲ. ಮತ್ತೇನಾಗುತ್ತಿದೆ ಎಂದು ಕೇಳಿದರೆ, ‘ಹೊಲಿಗೆ ಬಿಟ್ಟಂಗೆ ಆಗ್ತೈತೆ ಕಣೋ. ಟಕ್ ಟಕ್ ಅಂತ ಹೋಗ್ತಿರ್ತೈತೆ, ನಡುವೆ ಒಂದು ಬಿಟ್ಟೋಗ್ತೈತೆ, ಆಮೇಲೆ ಬರೋದು ಗುದ್ದಿದಂಗೆ ಬರ್ತೈತೆ.’

ಮಷಿನ್ ಕೆಟ್ಟಿರಲಿಲ್ಲ. ಅಕ್ಕನ ಹೃದಯವೂ ನಿಧಾನವಾಗಿರಲಿಲ್ಲ. ಮಾರನೆಯ ದಿನ ತೆಗೆದ ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 78 ಇತ್ತು. ಒಂದು ಸರಿಯಾದ ಬಡಿತ, ಅದರ ಬೆನ್ನಿಗೇ ಅಂಟಿಕೊಂಡಂತೆ ಅಗಲವಾದ, ಸೊಟ್ಟಗಿನ ಇನ್ನೊಂದು, ಆಮೇಲೆ ಒಂದಿಷ್ಟು ಖಾಲಿ ಜಾಗ. ಕಾಗದದುದ್ದಕ್ಕೂ ಇದೇ ಜೋಡಿ. ಆ ಎರಡನೆಯ ಬಡಿತ ತೋಳಿಗೆ ಕಟ್ಟಿದ ಪಟ್ಟಿಗೆ ಗೊತ್ತಾಗುವಷ್ಟು ರಕ್ತವನ್ನು ತಳ್ಳುತ್ತಿರಲಿಲ್ಲ, ಹಾಗಾಗಿ ಮಷಿನ್ ಅರ್ಧವನ್ನಷ್ಟೇ ಎಣಿಸಿತ್ತು. ಕೈಗಡಿಯಾರದಂಥ ಯಂತ್ರಗಳೂ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೂ ಇದೇ ತಪ್ಪು ಮಾಡುತ್ತವೆ.

ಈ ಅವಸರದ ಬಡಿತಕ್ಕೆ ನಮ್ಮ ಕಡೆಯ ಡಾಕ್ಟರುಗಳು ವಿಪಿಸಿ ಅನ್ನುತ್ತಾರೆ, ಅಮೆರಿಕದ ಬರಹಗಳಲ್ಲಿ ಪಿವಿಸಿ ಎಂದಿರುತ್ತದೆ. ಎರಡೂ ಒಂದೇ. ಹೃದಯದ ಬಲ ಮೇಲಿನ ಕೋಣೆಯಲ್ಲಿರುವ ಪುಟ್ಟ ಗಂಟೊಂದರಲ್ಲಿ ಪ್ರತಿ ಬಡಿತದ ಕರೆಂಟು ಹುಟ್ಟುತ್ತದೆ. ಅದು ಮೇಲಿನ ಕೋಣೆಗಳನ್ನು ದಾಟಿ, ನಡುವಿನ ಬಾಗಿಲಲ್ಲಿ ತುಸು ತಡೆದು, ಕೆಳಗಿನ ಕೋಣೆಗಳಿಗೆ, ಅಂದರೆ ಹೃತ್ಕುಕ್ಷಿಗಳಿಗೆ, ಇಳಿಯುತ್ತದೆ. ತಡೆದ ಆ ಕ್ಷಣದಲ್ಲಿ ಕೆಳಗಿನ ಕೋಣೆಗಳು ಪೂರ್ತಿ ತುಂಬಿಕೊಳ್ಳುತ್ತವೆ. ವಿಪಿಸಿಯಲ್ಲಿ ಕೆಳಗಿನ ಕೋಣೆಯ ಯಾವುದೋ ಮೂಲೆಯ ಜೀವಕೋಶಗಳು ಸರದಿಗೆ ಕಾಯದೆ ತಾವೇ ಕರೆಂಟು ಹೊಡೆದುಬಿಡುತ್ತವೆ. ಕೋಣೆ ಇನ್ನೂ ತುಂಬಿಲ್ಲ, ಹಿಂಡಿದರೆ ಬರುವುದು ಅರೆಬರೆ. ಆಮೇಲೆ ಮೇಲಿನಿಂದ ಮಾಮೂಲಿ ಕರೆಂಟು ಬರುವ ಹೊತ್ತಿಗೆ ಸ್ನಾಯು ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ, ಹಾಗಾಗಿ ಆ ಒಂದು ಸರದಿ ತಪ್ಪುತ್ತದೆ. ಸಿಕ್ಕ ಬಿಡುವಿನಲ್ಲಿ ಕೋಣೆ ಎಂದಿಗಿಂತ ಹೆಚ್ಚು ತುಂಬಿ, ಮುಂದಿನ ಬಡಿತ ಜೋರಾಗಿ ಬರುತ್ತದೆ. ಅಕ್ಕ ಹೇಳಿದ ‘ಗುದ್ದು’ ಇದೇ. ತಮಾಷೆಯೆಂದರೆ, ನಾವು ಹೆದರುವ ಆ ಗುದ್ದು ಸರಿಯಾದ ಬಡಿತ. ತಪ್ಪಿದ ಬಡಿತ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ.

ಹೆದರಿಕೆಯ ಮಾತು ಬಂತಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಹೃದಯದ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಅಂದಿನಿಂದ ಎದೆ ಒಂದು ಸಲ ‘ಧಸಕ್’ ಅಂದರೂ ನಮ್ಮ ಮನಸ್ಸು ನೇರ ಅಲ್ಲಿಗೇ ಹೋಗುತ್ತದೆ. ಆದರೆ ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತದ ಕಥೆ ಬೇರೆ, ಆರೋಗ್ಯವಾಗಿರುವ ಹೃದಯದಲ್ಲಿ ಬರುವ ವಿಪಿಸಿಯ ಕಥೆ ಬೇರೆ. 24 ಗಂಟೆ ಎಣಿಸುತ್ತ ಕೂತರೆ ನಮ್ಮ ನಿಮ್ಮಂಥ ಬಹಳ ಜನರಲ್ಲಿ ಒಂದೆರಡಾದರೂ ವಿಪಿಸಿ ಸಿಗುತ್ತವೆ. ಪ್ರಶ್ನೆ ಹುಟ್ಟುವುದು ಅವು ಸಾವಿರಗಟ್ಟಲೆ ಬಂದಾಗ. ಆಗ ಡಾಕ್ಟರು ಎರಡು ದಾರಿ ಮುಂದಿಡುತ್ತಾರೆ, ಮಾತ್ರೆ ಅಥವಾ ಅಬ್ಲೇಷನ್, ಅಂದರೆ ರಕ್ತನಾಳದ ಮೂಲಕ ಹೃದಯದೊಳಗೆ ಹೋಗಿ ವಿಪಿಸಿ ಹುಟ್ಟುವ ಜಾಗವನ್ನು ಸುಡುವುದು. ಕೇಳಿದ ಕೂಡಲೇ ಎಲ್ಲರ ತಲೆಯಲ್ಲೂ ಓಡುವ ಲೆಕ್ಕ ಒಂದೇ: ಮಾತ್ರೆ ಸಾಧು, ಅಬ್ಲೇಷನ್ ಅಪಾಯ. ಮೊದಲು ಸಾಧುವಿನಿಂದ ಶುರು ಮಾಡೋಣ, ಆಗದಿದ್ದರೆ ಆಮೇಲೆ ನೋಡೋಣ. ಅಕ್ಕನ ಜೊತೆ ಎಂಟು ತಿಂಗಳು ಓಡಾಡಿದ ಮೇಲೆ ನನಗೆ ಅನ್ನಿಸಿದ್ದು, ಈ ಲೆಕ್ಕ ಎರಡೂ ಕಡೆಯಿಂದ ತಪ್ಪು. ಜೊತೆಗೆ ಮೂರನೆಯ ದಾರಿ ಒಂದಿದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ: ಏನೂ ಮಾಡದೆ ಸುಮ್ಮನಿರುವುದು.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ‘ಅನಿಯಮಿತ ಬಡಿತ’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತೊಂದರೆಗಳಿವೆ. ಮೇಲಿನ ಕೋಣೆಗಳು ನಡುಗತೊಡಗುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಭಯವಿದೆ. ಅಲ್ಲಿ ರಕ್ತ ತೆಳುವಾಗಿಸುವ ಮಾತ್ರೆಯ ಪ್ರಶ್ನೆಯೇ ಮೊದಲು, ಅಬ್ಲೇಷನ್ ಆದರೂ ಆ ಮಾತ್ರೆ ತಪ್ಪುತ್ತದೆ ಎನ್ನಲಾಗದು. ಪಕ್ಕದ ಮನೆಯವರಿಗೆ ‘ಬಡಿತ ಏರುಪೇರಾಗಿ ಅಬ್ಲೇಷನ್ ಮಾಡಿಸಿದರು’ ಎಂಬ ಸುದ್ದಿ ನಿಮ್ಮ ವಿಪಿಸಿಗೆ ಅನ್ವಯಿಸಲಿಕ್ಕಿಲ್ಲ. ಈ ಲೇಖನ ವಿಪಿಸಿಯ ಬಗ್ಗೆ ಮಾತ್ರ.

ಮೊದಲ ವಿಷಯ ಎಣಿಕೆ. ಎದೆಗೆ ಅಂಟಿಸಿ ಸೊಂಟಕ್ಕೆ ಸಿಕ್ಕಿಸಿ ಕಳಿಸುವ ಹೋಲ್ಟರ್ ಯಂತ್ರ 24 ಗಂಟೆಯ ಪ್ರತಿಯೊಂದು ಬಡಿತವನ್ನೂ ಬರೆದುಕೊಳ್ಳುತ್ತದೆ. ನಿಮಿಷಕ್ಕೆ 70ರಂತೆ ಹಿಡಿದರೆ ದಿನಕ್ಕೆ ಒಂದು ಲಕ್ಷ ಬಡಿತ. ಅಕ್ಕನ ವರದಿಯಲ್ಲಿ ಒಟ್ಟು 1,04,000 ಬಡಿತ, ಅದರಲ್ಲಿ ವಿಪಿಸಿ 23,000. ಅಂದರೆ ನೂರಕ್ಕೆ 22. ಇದಕ್ಕೆ ‘ಬರ್ಡನ್’ ಎನ್ನುತ್ತಾರೆ. ಆ ಯಂತ್ರ ಕಟ್ಟಿಕೊಂಡ ದಿನ ಅಕ್ಕ ಮದುವೆ ಮನೆಯವರ ಹನ್ನೊಂದು ಬ್ಲೌಸು ಹೊಲಿದಳು. ಡಾಕ್ಟರು ‘ಮಾಮೂಲಿ ಕೆಲಸ ಮಾಡಿ’ ಎಂದಿದ್ದನ್ನು ಅಕ್ಷರಶಃ ಪಾಲಿಸಿದ್ದಳು. ಅದು ಒಳ್ಳೆಯದೇ. ಹೋಲ್ಟರ್ ಇದೆಯೆಂದು ಮಲಗಿಕೊಂಡೇ ದಿನ ಕಳೆದರೆ ಎಣಿಕೆ ಸುಳ್ಳಾಗುತ್ತದೆ. ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ಹೊಂದದಿರುವುದೂ ಉಂಟು, ಅದಕ್ಕೇ ಕೆಲವರಿಗೆ ಏಳು ದಿನದ ಪ್ಯಾಚ್ ಹಾಕುತ್ತಾರೆ.

ಎಷ್ಟಾದರೆ ಹೆಚ್ಚು? ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ. ಅಬ್ಲೇಷನ್‌ಗೆಂದು ಬಂದಿದ್ದ 174 ಜನರಲ್ಲಿ ಯಾರ ಹೃದಯ ದುರ್ಬಲವಾಗಿತ್ತು, ಯಾರದು ಆಗಿರಲಿಲ್ಲ ಎಂದು ನೋಡಿದರು. ಇಬ್ಬರನ್ನೂ ಬೇರ್ಪಡಿಸುವ ಗೆರೆ ಹೆಚ್ಚೂಕಡಿಮೆ ನೂರಕ್ಕೆ 24ರಲ್ಲಿ ಬಿತ್ತು. ದುರ್ಬಲವಾದವರಲ್ಲಿ ಅತಿ ಕಡಿಮೆ ಬರ್ಡನ್ ಇದ್ದದ್ದು 10. ಹಾಗಾಗಿ ಡಾಕ್ಟರುಗಳು 10ರ ಕೆಳಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, 10ರ ಮೇಲೆ ಕಣ್ಣಿಡುತ್ತಾರೆ, 20 ದಾಟಿದರೆ ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡುತ್ತಾರೆ. ಆದರೆ 24 ಎಂಬುದು ಲಕ್ಷ್ಮಣರೇಖೆಯಲ್ಲ. 30 ಇದ್ದೂ ಹೃದಯ ಗಟ್ಟಿಯಾಗಿರುವವರಿದ್ದಾರೆ, 14ಕ್ಕೇ ಸೋತವರೂ ಇದ್ದಾರೆ.

ಇಲ್ಲೊಂದು ವಿಚಿತ್ರ ಇದೆ. ಎದೆ ಹೊಡೆದುಕೊಳ್ಳುವುದು ಗೊತ್ತಾಗಿ ಕಂಗಾಲಾದವನು ತಿಂಗಳೊಳಗೆ ಡಾಕ್ಟರ ಮುಂದಿರುತ್ತಾನೆ. ಏನೂ ಗೊತ್ತಾಗದವನ ಹೃದಯ ವರ್ಷಗಟ್ಟಲೆ ಹಾಗೇ ಬಡಿದು ಸದ್ದಿಲ್ಲದೆ ಸೋಲುತ್ತ ಹೋಗುತ್ತದೆ. ಲಕ್ಷಣವಿಲ್ಲದವರಲ್ಲೇ ಹೃದಯ ದುರ್ಬಲವಾಗುವ ಸಂಭವ ಹೆಚ್ಚು ಎಂದು ಅಧ್ಯಯನಗಳು ಹೇಳುವುದು ಈ ಕಾರಣಕ್ಕೇ ಇರಬೇಕು. ಎಷ್ಟು ಭಯವಾಗುತ್ತಿದೆ ಎಂಬುದರಿಂದ ಎಷ್ಟು ಅಪಾಯವಿದೆ ಎಂದು ಅಳೆಯಲಾಗದು.

ಎರಡನೆಯದು ಸ್ನಾಯುವಿನ ಸ್ಥಿತಿ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಬರುವ ಇಎಫ್ ಎಂಬ ಸಂಖ್ಯೆ ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬುದನ್ನು ಹೇಳುತ್ತದೆ. 55, 60 ಇದ್ದರೆ ಚೆನ್ನ. ಅಕ್ಕನದು 47 ಬಂತು. ಇದು ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಪ್ರಶ್ನೆ. ವಿಪಿಸಿಯಿಂದಾಗಿ ಹೃದಯ ಸೋತಿತೋ, ಬೇರೆ ಕಾರಣಕ್ಕೆ ಸೋತ ಹೃದಯದಿಂದ ವಿಪಿಸಿ ಬರುತ್ತಿವೆಯೋ? ಮೊದಲನೆಯದಾದರೆ ವಿಪಿಸಿ ನಿಲ್ಲಿಸಿದ ಮೇಲೆ ಕೆಲವೇ ತಿಂಗಳಲ್ಲಿ ಹೃದಯ ಚೇತರಿಸಿಕೊಳ್ಳುತ್ತದೆ. ಹೃದ್ರೋಗಗಳಲ್ಲಿ ಇಷ್ಟು ಚೆನ್ನಾಗಿ ಹಿಂದಕ್ಕೆ ತಿರುಗುವಂಥವು ಕಡಿಮೆ. ಎರಡನೆಯದಾದರೆ ವಿಪಿಸಿ ಬರೀ ಗಂಟೆ ಬಾರಿಸುವವನು, ರೋಗ ಬೇರೆಡೆ ಇದೆ. ಇದನ್ನು ಬಿಡಿಸಲಿಕ್ಕೇ ಎಂಆರ್‌ಐ ಮಾಡಿಸುತ್ತಾರೆ. ಸ್ನಾಯುವಿನಲ್ಲಿ ಹಳೆಯ ಗಾಯದ ಕಲೆ ಇದ್ದರೆ ಅದರಲ್ಲಿ ಕಾಣುತ್ತದೆ. ಅಕ್ಕನಿಗೆ ಕಲೆ ಇರಲಿಲ್ಲ. ಅದು ಒಳ್ಳೆಯ ಸುದ್ದಿ ಎಂದು ನಮಗೆ ಅರ್ಥವಾಗಲು ಡಾಕ್ಟರು ಎರಡು ಸಲ ಹೇಳಬೇಕಾಯಿತು.

ಮೂರನೆಯದು ಜಾಗ. ಎಲ್ಲಿಂದ ಹುಟ್ಟುತ್ತಿದೆ? ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಮಾಮೂಲಿ 12 ಗೆರೆಯ ಇಸಿಜಿ ಸಾಕು. ಬೆಂಗಳೂರಿನ ಇಪಿ ಡಾಕ್ಟರು, ಅಂದರೆ ಹೃದಯದ ಕರೆಂಟಿನ ತಜ್ಞರು, ಅಕ್ಕನ ಕಾಗದವನ್ನು ಮೇಜಿನ ಮೇಲೆ ಹರಡಿ ಪೆನ್ನಿನಿಂದ ತೋರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ‘ನೋಡಿಮ್ಮಾ, ಎರಡನೇದು, ಮೂರನೇದು, ಈ ಎವಿಎಫ್ಫು, ಈ ಮೂರು ಗೆರೇಲೂ ವಿಪಿಸಿ ಎತ್ತರಕ್ಕೆ ನಿಂತಿದೆ. ಅಂದ್ರೆ ಕರೆಂಟು ಮೇಲಿಂದ ಕೆಳಗೆ ಬರ್ತಿದೆ. ಇಲ್ಲಿ ವಿ ಒಂದು ಅನ್ನೋ ಗೆರೇಲಿ ಕೆಳಮುಖ. ನನ್ನ ಪ್ರಕಾರ ಬಲಗಡೆ ಕೋಣೆ ಮೇಲ್ಗಡೆ, ರಕ್ತ ಶ್ವಾಸಕೋಶಕ್ಕೆ ಹೊರಡೋ ದಾರೀಲಿ ಇದು ಕೂತಿದೆ.’ ಆರೋಗ್ಯವಂತ ಹೃದಯದ ವಿಪಿಸಿಗಳು ಅತಿ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಸೂಜಿ ಎಲ್ಲಿ ದಾರ ಬಿಡುತ್ತಿದೆ ಎಂದು ಹೊಲಿಗೆ ನೋಡಿಯೇ ಹೇಳುವ ಅಕ್ಕನಿಗೆ ಇದು ನನಗಿಂತ ಬೇಗ ಅರ್ಥವಾಯಿತು.

ಜಾಗ ಯಾಕೆ ಮುಖ್ಯವೆಂದರೆ, ಅಬ್ಲೇಷನ್ ಸುಲಭವೋ ಕಷ್ಟವೋ ನಿರ್ಧಾರವಾಗುವುದು ಇದರಿಂದ. ಬಲಗಡೆಯ ಆ ಹೊರದಾರಿಗೆ ತೊಡೆಸಂದಿನ ರಕ್ತನಾಳದಿಂದ ನೇರ ಹೋಗಬಹುದು. ಅದೇ ಎಡ ಹೃತ್ಕುಕ್ಷಿಯೊಳಗೆ, ಪ್ರತಿ ಬಡಿತಕ್ಕೂ ಅಲ್ಲಾಡುವ ಪ್ಯಾಪಿಲರಿ ಸ್ನಾಯುವಿನ ತುದಿಯಲ್ಲೋ, ದೊಡ್ಡ ರಕ್ತನಾಳಗಳ ಪಕ್ಕದ ಹೊರಮೈಯಲ್ಲೋ ಇದ್ದರೆ ಕೆಲಸ ಕಷ್ಟ, ಗೆಲುವು ಕಡಿಮೆ, ಎರಡನೇ ಸಲ ಹೋಗಬೇಕಾದೀತು. ವಿಪಿಸಿಗಳು ಒಂದೇ ಆಕಾರದಲ್ಲಿದ್ದರೆ ಒಂದೇ ಮೂಲ, ಗುರಿಯಿಡಬಹುದು. ನಾಲ್ಕೈದು ಆಕಾರದಲ್ಲಿ ಬಂದರೆ ಎಲ್ಲಿಗೆ ಅಂತ ಗುರಿಯಿಡುವುದು?

ಈಗ ಸುಮ್ಮನಿರುವ ದಾರಿ. ಬರ್ಡನ್ ಕಡಿಮೆ, ಎಕೋ ಸರಿ, ಟ್ರೆಡ್‌ಮಿಲ್ ಮೇಲೆ ಓಡಿದಾಗ ವಿಪಿಸಿ ಮಾಯವಾಗುತ್ತವೆ, ಮನೆಯಲ್ಲಿ ಯಾರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿಲ್ಲ, ಎಂದೂ ಎಚ್ಚರ ತಪ್ಪಿ ಬಿದ್ದಿಲ್ಲ. ಇಷ್ಟಿದ್ದರೆ ಚಿಕಿತ್ಸೆಯೇ ಬೇಕಿಲ್ಲ, ಆಗಾಗ ಎಕೋ ಸಾಕು. ನನ್ನ ಸ್ನೇಹಿತನೊಬ್ಬನ ಬರ್ಡನ್ 6. ಮೂರು ವರ್ಷದಿಂದ ಒಂದು ಮಾತ್ರೆಯೂ ಇಲ್ಲದೆ ಆರಾಮಾಗಿದ್ದಾನೆ, ‘ಏನೂ ಇಲ್ಲ’ ಎಂದು ತಜ್ಞರ ಬಾಯಲ್ಲಿ ಕೇಳಿದ ಮೇಲೆ ಅರ್ಧ ವಿಪಿಸಿ ಅವನಿಗೆ ಗೊತ್ತಾಗುವುದೇ ನಿಂತಿದೆ. ಆದರೆ ಪರಿಶ್ರಮ ಪಟ್ಟಾಗ ಹೆಚ್ಚಾಗುವ ವಿಪಿಸಿ, ಮೂರ‍್ನಾಲ್ಕು ಒಟ್ಟೊಟ್ಟಿಗೆ ಸಾಲಾಗಿ ಬರುವ ವಿಪಿಸಿ, ಎಚ್ಚರ ತಪ್ಪುವುದು, ಇವಿದ್ದರೆ ಸಂಖ್ಯೆ ಎಷ್ಟೇ ಇರಲಿ, ಬೇಗ ತೋರಿಸಬೇಕು.

ಥೈರಾಯ್ಡ್, ಪೊಟ್ಯಾಸಿಯಂ, ಮೆಗ್ನೀಸಿಯಂ, ಹಿಮೋಗ್ಲೋಬಿನ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವನ್ನೆಲ್ಲ ಮೊದಲೇ ನೋಡಿಬಿಡುತ್ತಾರೆ. ಕಾಫಿ? ಈ ಪ್ರಶ್ನೆ ನಮ್ಮಲ್ಲಿ ಎಲ್ಲಕ್ಕಿಂತ ಮುಂಚೆ ಬರುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತ 100 ಜನರಿಗೆ ಒಂದೊಂದು ದಿನ ಕಾಫಿ ಕುಡಿಯಿರಿ, ಒಂದೊಂದು ದಿನ ಬೇಡ ಎಂದು ಹೇಳಿ ಎಣಿಸಿದರು. ಕಾಫಿ ಕುಡಿದ ದಿನ ವಿಪಿಸಿ 154, ಕುಡಿಯದ ದಿನ 102. ವ್ಯತ್ಯಾಸ ಇದೆ, ಆದರೆ ಇವೆರಡೂ ಲಕ್ಷದಲ್ಲಿ ನೂರರ ಲೆಕ್ಕ. 23,000 ಇರುವವರು ಫಿಲ್ಟರ್ ಕಾಫಿ ಬಿಟ್ಟುದರಿಂದಲೇ ಪಾರಾಗಲಾರರು. ಎರಡು ವಾರ ಬಿಟ್ಟು ನೋಡುವುದರಲ್ಲಿ ನಷ್ಟವಿಲ್ಲ, ಅಷ್ಟೆ.

ಇನ್ನು ಮಾತ್ರೆ. ಮೊದಲು ಬರೆದುಕೊಡುವುದು ಬೀಟಾ ಬ್ಲಾಕರ್, ನಮ್ಮಲ್ಲಿ ಹೆಚ್ಚಾಗಿ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್. ಅಡ್ರಿನಲಿನ್ ಹೃದಯವನ್ನು ಚುಚ್ಚಿ ಓಡಿಸುವುದನ್ನು ಇದು ತಡೆಯುತ್ತದೆ. ವರ್ಷಗಟ್ಟಲೆ ಕೋಟ್ಯಂತರ ಜನ ನುಂಗಿರುವ, ಅಗ್ಗದ, ಒಟ್ಟಿನಲ್ಲಿ ಸುರಕ್ಷಿತ ಮಾತ್ರೆ. ಗುದ್ದಿನ ಜೋರು ಕಡಿಮೆಯಾಗುತ್ತದೆ. ಆದರೆ ಸಂಖ್ಯೆ ಬಹಳ ಜನರಲ್ಲಿ ಅಷ್ಟೇನೂ ಇಳಿಯುವುದಿಲ್ಲ. ಯಾರಲ್ಲಿ ಇಳಿಯುತ್ತದೆಂದು ಊಹಿಸಲು ಹೋಲ್ಟರ್ ವರದಿಯಲ್ಲೇ ಒಂದು ಸುಳಿವಿದೆ. ಕೊನೆಯ ಪುಟಗಳಲ್ಲಿ ಗಂಟೆಗಂಟೆಯ ಪಟ್ಟಿ ಇರುತ್ತದೆ, ಒಂದು ಕಡೆ ಬಡಿತದ ವೇಗ, ಪಕ್ಕದಲ್ಲಿ ವಿಪಿಸಿ. ವೇಗ ಏರಿದಾಗ ವಿಪಿಸಿಯೂ ಏರಿದ್ದರೆ ಬೀಟಾ ಬ್ಲಾಕರ್ ಕೆಲಸ ಮಾಡುವ ಸಂಭವ ಹೆಚ್ಚು. ರಾತ್ರಿ ಬಡಿತ ನಿಧಾನವಾದಾಗಲೇ ವಿಪಿಸಿ ಮುತ್ತಿದ್ದರೆ, ಬಡಿತವನ್ನು ಇನ್ನೂ ನಿಧಾನ ಮಾಡುವ ಮಾತ್ರೆಯಿಂದ ಏನು ಲಾಭ? ಅಕ್ಕನ ಪಟ್ಟಿಯಲ್ಲಿ ಹಗಲು ರಾತ್ರಿ ಎರಡೂ ಹೆಚ್ಚೂಕಡಿಮೆ ಒಂದೇ ಇತ್ತು. ‘ಮೂರು ತಿಂಗಳು ನೋಡೋಣ’ ಅಂದರು ಡಾಕ್ಟರು.

ಮೂರು ತಿಂಗಳಾದ ಮೇಲೆ 22 ಇದ್ದದ್ದು 18 ಆಯಿತು. ಗುದ್ದು ತಗ್ಗಿತ್ತು, ಆದರೆ ಅಕ್ಕ ಮಧ್ಯಾಹ್ನ ಮೂರಕ್ಕೆ ಕತ್ತರಿ ಕೆಳಗಿಟ್ಟು ಅಂಗಡಿಯ ಬೆಂಚಿನ ಮೇಲೆ ಮಲಗತೊಡಗಿದ್ದಳು. ಕೈಬೆರಳು ತಣ್ಣಗೆ. ‘ಕಾಲು ಪೆಡಲ್ ತುಳಿಯೋಕೆ ಒಲ್ಲೆ ಅಂತೈತೆ’ ಎಂಬ ದೂರು. ಬೀಟಾ ಬ್ಲಾಕರಿನ ಸುಸ್ತು ಎಂದರೆ ಇದು. ಅಸ್ತಮಾ ಇರುವವರಿಗೆ ಇದು ಉಸಿರಿಗೆ ತೊಂದರೆ ಕೊಡಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಎದೆ ಹೊಡೆದುಕೊಂಡು ಎಚ್ಚರಿಸುವುದನ್ನೇ ಮುಚ್ಚಿಬಿಡಬಹುದು. ವೆರಪಮಿಲ್ ಎಂಬ ಇನ್ನೊಂದು ಮಾತ್ರೆ ಕೆಲವು ಜಾಗದ ವಿಪಿಸಿಗಳಿಗೆ ಚೆನ್ನಾಗಿ ಹಿಡಿಸುತ್ತದೆ, ಆದರೆ ಇಎಫ್ ಇಳಿದವರಿಗೆ ಕೊಡುವಂತಿಲ್ಲ.

ಇವಕ್ಕೆ ಬಗ್ಗದಿದ್ದರೆ ಮುಂದಿನವು ಬಿರುಸಾದ ಮಾತ್ರೆಗಳು, ಬಡಿತದ ಕರೆಂಟಿನ ಮೇಲೇ ನೇರ ಕೈ ಹಾಕುವಂಥವು. ಇಲ್ಲಿಯೇ ‘ಮಾತ್ರೆ ಸಾಧು’ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದ ಕಥೆ ಇರುವುದು. 1980ರ ದಶಕದಲ್ಲಿ ಅಮೆರಿಕದ ವೈದ್ಯರಿಗೆ ಒಂದು ವಿಷಯ ಗೊತ್ತಿತ್ತು: ಹೃದಯಾಘಾತವಾದವರಲ್ಲಿ ವಿಪಿಸಿ ಹೆಚ್ಚಿದ್ದರೆ ಸಾಯುವ ಸಂಭವ ಹೆಚ್ಚು. ವಿಪಿಸಿ ನಿಲ್ಲಿಸಿದರೆ ಸಾವು ತಗ್ಗಬೇಕಲ್ಲ? ಫ್ಲೆಕೈನೈಡ್, ಎನ್‌ಕೈನೈಡ್ ಎಂಬ ಮಾತ್ರೆಗಳು ವಿಪಿಸಿಯನ್ನು ಒರೆಸಿದಂತೆ ಅಳಿಸುತ್ತಿದ್ದವು. ಪರೀಕ್ಷಿಸಲು ಕಾಸ್ಟ್ ಎಂಬ ಹೆಸರಿನ ದೊಡ್ಡ ಪ್ರಯೋಗ ಶುರುವಾಯಿತು. ಮೊದಲು ಮಾತ್ರೆ ಕೊಟ್ಟು ನೋಡಿ, ಯಾರಲ್ಲಿ ವಿಪಿಸಿ ನಿಜಕ್ಕೂ ಇಳಿಯಿತೋ ಅಂಥವರನ್ನೇ ಆರಿಸಿಕೊಂಡರು. ಅರ್ಧ ಜನಕ್ಕೆ ಆ ಮಾತ್ರೆ, ಉಳಿದರ್ಧಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. 1989ರಲ್ಲಿ ಪ್ರಯೋಗದ ಈ ಭಾಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಸರಾಸರಿ ಹತ್ತು ತಿಂಗಳಲ್ಲಿ ಮಾತ್ರೆ ನುಂಗಿದ 755 ಜನರಲ್ಲಿ 63 ಸಾವು, ಹುಸಿ ಮಾತ್ರೆಯ 743 ಜನರಲ್ಲಿ 26. ಹೋಲ್ಟರ್ ವರದಿ ಚೆಂದವಾಗಿತ್ತು, ರೋಗಿ ಇರಲಿಲ್ಲ.

ಫ್ಲೆಕೈನೈಡ್ ಇಂದಿಗೂ ಬಳಕೆಯಲ್ಲಿದೆ, ಸರಿಯಾದವರಿಗೆ ಒಳ್ಳೆಯ ಔಷಧವೂ ಹೌದು. ಆದರೆ ಹಿಂದೆ ಹೃದಯಾಘಾತವಾದವರಿಗೆ, ಸ್ನಾಯುವಿನಲ್ಲಿ ಕಲೆ ಇರುವವರಿಗೆ ಅದನ್ನು ಕೊಡುವುದಿಲ್ಲ. ಸೋತ ಹೃದಯಕ್ಕೂ ಕೊಡಬಹುದಾದ, ವಿಪಿಸಿಯನ್ನು ಚೆನ್ನಾಗಿ ಹತ್ತಿಕ್ಕುವ ಮಾತ್ರೆ ಅಮಿಯೊಡರೋನ್. ಅದರ ತಾಪತ್ರಯ ಬೇರೆ. ಅದರಲ್ಲಿ ಅಯೋಡಿನ್ ತುಂಬಿರುವುದರಿಂದ ಥೈರಾಯ್ಡ್ ಏರಬಹುದು, ಇಳಿಯಲೂಬಹುದು. ಶ್ವಾಸಕೋಶ, ಲಿವರ್, ಕಣ್ಣು, ಬಿಸಿಲಿಗೆ ಒಡ್ಡಿದ ಚರ್ಮ, ಎಲ್ಲದರ ಮೇಲೂ ನಿಗಾ ಬೇಕು. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಎಪ್ಪತ್ತೆರಡರ ನಮ್ಮ ಸೋದರಮಾವನಿಗೆ, ಎರಡು ಸ್ಟೆಂಟು ಬಿದ್ದಿರುವವರಿಗೆ, ಡಾಕ್ಟರು ಇದನ್ನೇ ಆರಿಸಿದರು, ನನಗೂ ಅದು ಸರಿಯೆನಿಸಿತು. ನಲವತ್ತಾರರ ಅಕ್ಕ ಮುಂದಿನ ಮೂವತ್ತು ವರ್ಷ ನುಂಗುವ ಮಾತ್ರೆ ಅದಲ್ಲ.

ಅಬ್ಲೇಷನ್ ಎಂದಾಗ ಎದೆ ಕೊಯ್ಯುತ್ತಾರೆಂದು ಭಾವಿಸುವವರು ಈಗಲೂ ಇದ್ದಾರೆ. ಕೊಯ್ಯುವುದಿಲ್ಲ. ಆಂಜಿಯೋಗ್ರಾಂ ಮಾಡುವಂಥದೇ ಕ್ಯಾಥ್ ಲ್ಯಾಬ್. ತೊಡೆಸಂದಿನಲ್ಲಿ ಮರಗಟ್ಟಿಸುವ ಚುಚ್ಚುಮದ್ದು, ಅಲ್ಲಿಂದ ರಕ್ತನಾಳದೊಳಗೆ ತೆಳ್ಳಗಿನ ತಂತಿಯಂಥ ಕ್ಯಾಥೆಟರ್. ಹೃದಯದೊಳಗೆ ಅದರ ತುದಿ ಮುಟ್ಟಿದಲ್ಲೆಲ್ಲ ಕರೆಂಟು ಎಷ್ಟು ಹೊತ್ತಿಗೆ ಬಂತೆಂದು ದಾಖಲಾಗಿ, ಪರದೆಯ ಮೇಲೆ ಬಣ್ಣಬಣ್ಣದ ನಕಾಶೆ ಬೆಳೆಯುತ್ತದೆ. ವಿಪಿಸಿ ಬಂದಾಗ ಎಲ್ಲಿ ಎಲ್ಲಕ್ಕಿಂತ ಮೊದಲು ಕರೆಂಟು ಕಾಣಿಸಿಕೊಂಡಿತೋ ಅದೇ ಹುಟ್ಟಿದ ಊರು. ಇನ್ನೊಂದು ಉಪಾಯವೂ ಇದೆ: ಆ ಜಾಗದಿಂದ ತಾವೇ ಕರೆಂಟು ಹೊಡೆದು, ಬಂದ ಬಡಿತದ ಆಕಾರ 12 ಗೆರೆಗಳಲ್ಲೂ ಅಸಲಿ ವಿಪಿಸಿಯಂತೇ ಇದೆಯೇ ಎಂದು ಹೋಲಿಸುವುದು. ಜಾಗ ಸಿಕ್ಕ ಮೇಲೆ ತುದಿಯನ್ನು ಬಿಸಿ ಮಾಡಿ ಕೆಲವು ಮಿಲಿಮೀಟರಿನಷ್ಟು ಸ್ನಾಯುವನ್ನು ಸುಡುತ್ತಾರೆ. 50 ಡಿಗ್ರಿ ದಾಟಿದರೆ ಆ ಕೋಶಗಳು ಮತ್ತೆ ಏಳುವುದಿಲ್ಲ.

ಇದರಲ್ಲಿ ಒಂದು ತೊಡಕಿದೆ. ವಿಪಿಸಿ ಬಂದರೆ ತಾನೇ ಹಿಡಿಯುವುದು! ಅಕ್ಕನಂಥ 23,000ದ ಒಡತಿ ಮೇಜಿನ ಮೇಲೆ ಮಲಗಿದ ಕೂಡಲೇ ವಿಪಿಸಿಗಳೆಲ್ಲ ಎಲ್ಲಿ ಹೋದವೋ. ಮುಕ್ಕಾಲು ಗಂಟೆ ಒಂದೂ ಬರಲಿಲ್ಲವಂತೆ. ಹೃದಯವನ್ನು ಓಡಿಸುವ ಔಷಧವನ್ನು ನಿಧಾನವಾಗಿ ಹನಿಸಿದ ಮೇಲೆ ಶುರುವಾದವು. ಪೂರ್ತಿ ನಿದ್ದೆ ಬರಿಸದಿರುವುದಕ್ಕೆ, ಬೀಟಾ ಬ್ಲಾಕರನ್ನು ಕೆಲವು ದಿನ ಮೊದಲೇ ನಿಲ್ಲಿಸಿರುವುದಕ್ಕೆ ಕಾರಣವೂ ಇದೇ. ಒಮ್ಮೊಮ್ಮೆ ಏನು ಮಾಡಿದರೂ ಬರದೆ, ಕ್ಯಾಥೆಟರ್ ತೆಗೆದು ಮನೆಗೆ ಕಳಿಸಬೇಕಾಗುತ್ತದೆ. ಬರ್ಡನ್ ಕಡಿಮೆ ಇದ್ದವರಿಗೆ ಅಬ್ಲೇಷನ್ ಬೇಡವೆನ್ನಲು ಇದೂ ಒಂದು ಕಾರಣ.

ಫಲಿತಾಂಶದ ಲೆಕ್ಕ ಹೀಗಿದೆ. ಅಮೆರಿಕದ ವೈದ್ಯರ ಮುಂದಾಳತ್ವದಲ್ಲಿ ಹಲವು ಆಸ್ಪತ್ರೆಗಳ 1185 ಜನರ ದಾಖಲೆ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಆ ದಿನ ಮೇಜಿನ ಮೇಲೆ ಗೆದ್ದವರು ನೂರಕ್ಕೆ 84. ಆಮೇಲೆ ಬಡಿತದ ಮಾತ್ರೆ ಇಲ್ಲದೆಯೂ ಗೆಲುವು ಉಳಿಸಿಕೊಂಡವರು 71. ದೊಡ್ಡ ತೊಡಕು ನೂರಕ್ಕೆ 2.4, ಚಿಕ್ಕವೂ ಸೇರಿ 5.2. ಆ ಚಿಕಿತ್ಸೆಯಿಂದ ಸತ್ತವರಿಲ್ಲ. ದೊಡ್ಡ ತೊಡಕೆಂದರೆ ಮುಖ್ಯವಾಗಿ ಹೃದಯದ ಗೋಡೆ ತೂತಾಗಿ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು, ತೊಡೆಸಂದಿನ ರಕ್ತನಾಳಕ್ಕೆ ಏಟಾಗುವುದು. ಎಡಗಡೆ ಕೆಲಸವಾದರೆ ಪಾರ್ಶ್ವವಾಯುವಿನ ಸಣ್ಣ ಭಯ. ನಡುವಿನ ಬಾಗಿಲಿನ ಹತ್ತಿರ ಸುಡಬೇಕಾಗಿ ಬಂದರೆ ಪೇಸ್‌ಮೇಕರ್ ಬೇಕಾಗುವ ಸಂಭವ. ‘ನೂರಕ್ಕೆ ಎರಡು’ ಎಂಬುದು ಕಾಗದದ ಮೇಲೆ ಚಿಕ್ಕದು, ಸಹಿ ಹಾಕುವಾಗ ಅಲ್ಲ. ಭಾವನ ಕೈ ನಡುಗಿದ್ದನ್ನು ನಾನೇ ನೋಡಿದೆ.

ಮಾತ್ರೆಯನ್ನೂ ಅಬ್ಲೇಷನ್ನನ್ನೂ ಮುಖಾಮುಖಿ ನಿಲ್ಲಿಸಿದ ಪ್ರಯೋಗವೂ ಇದೆ. ಚೀನಾದಲ್ಲಿ, ಬಲ ಹೊರದಾರಿಯ ವಿಪಿಸಿ ಇದ್ದ 330 ಜನರಲ್ಲಿ ಅರ್ಧಕ್ಕೆ ಅಬ್ಲೇಷನ್, ಅರ್ಧಕ್ಕೆ ಮೆಟೊಪ್ರೊಲಾಲ್ ಅಥವಾ ಪ್ರೊಪಾಫಿನೋನ್. 2014ರಲ್ಲಿ ಬಂದ ಫಲಿತಾಂಶ: ಒಂದು ವರ್ಷದಲ್ಲಿ ವಿಪಿಸಿ ಮರುಕಳಿಸಿದ್ದು ಅಬ್ಲೇಷನ್ ಆದವರಲ್ಲಿ ನೂರಕ್ಕೆ 19.4, ಮಾತ್ರೆಯವರಲ್ಲಿ 88.6. ಇದು ಆ ಒಂದು ಜಾಗದ ಮಾತು, ಎಲ್ಲ ಜಾಗಕ್ಕೂ ಎಳೆಯಬಾರದು. 2022ರ ಯುರೋಪಿನ ಮಾರ್ಗಸೂಚಿಯೂ ಆ ಭೇದವನ್ನು ಇಟ್ಟುಕೊಂಡಿದೆ. ಲಕ್ಷಣಗಳಿದ್ದು, ವಿಪಿಸಿ ಬಲ ಹೊರದಾರಿಯಿಂದ ಬರುತ್ತಿದ್ದರೆ ಅಬ್ಲೇಷನ್ನೇ ಮೊದಲ ಆಯ್ಕೆ. ಬೇರೆ ಬಹಳಷ್ಟು ಜಾಗಗಳಿಗೆ ಮೊದಲು ಮಾತ್ರೆ. ಒಂದೇ ಆಕಾರದ ವಿಪಿಸಿಯಿಂದಲೇ ಹೃದಯ ಸೋಲುತ್ತಿದೆ ಎಂಬ ಸಂಶಯವಿದ್ದರೂ ಅಬ್ಲೇಷನ್.

ಮಾತ್ರೆ ನಾಳೆ ಬೇಡವೆನಿಸಿದರೆ ನಿಲ್ಲಿಸಬಹುದು, ಸುಟ್ಟದ್ದನ್ನು ಮರಳಿ ತರಲಾಗದು. ಇದು ಮಾತ್ರೆಯ ಪರ ಬಲವಾದ ವಾದ, ನಾನು ಒಪ್ಪುತ್ತೇನೆ. ಆದರೆ ಅಬ್ಲೇಷನ್ನಿನ ಅಪಾಯ ಒಂದೆರಡು ದಿನದ್ದು, ಮಾತ್ರೆಯ ಅಪಾಯ ದಿನದಿನವೂ ಚೂರುಚೂರೇ. ಚಿಕ್ಕ ವಯಸ್ಸು, ಒಂದೇ ಆಕಾರ, ಸುಲಭದ ಜಾಗ, ಇಳಿಯುತ್ತಿರುವ ಇಎಫ್ ಇದ್ದಲ್ಲಿ ತಕ್ಕಡಿ ಅಬ್ಲೇಷನ್ ಕಡೆ ವಾಲುತ್ತದೆ. ವಯಸ್ಸಾಗಿದೆ, ನಾಲ್ಕಾರು ಆಕಾರ, ಕಷ್ಟದ ಜಾಗ, ಮಾತ್ರೆ ಮೈಗೆ ಒಗ್ಗಿದೆ, ಎಕೋ ಸ್ಥಿರವಾಗಿದೆ ಎಂದರೆ ಮಾತ್ರೆಯ ಕಡೆ. ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ ಎಂದರೆ, ‘ಸರ್, ಇದೇ ಜಾಗದ್ದು ನೀವು ಎಷ್ಟು ಮಾಡಿದ್ದೀರಿ?’ ಒಳ್ಳೆಯವರು ಬೇಸರಪಟ್ಟುಕೊಳ್ಳುವುದಿಲ್ಲ. ಹಾಗೆಯೇ ಆ ಬಣ್ಣದ ನಕಾಶೆ, ಅಂದರೆ ತ್ರೀಡಿ ಮ್ಯಾಪಿಂಗ್, ಇಲ್ಲದ ಹಳೆಯ ವಿಧಾನಕ್ಕೂ ಅದರ ಜೊತೆಗಿನದಕ್ಕೂ ಬಿಲ್ಲಿನಲ್ಲಿ ದೊಡ್ಡ ಅಂತರವಿರುತ್ತದೆ. ಆರೋಗ್ಯ ಕರ್ನಾಟಕ ಕಾರ್ಡಿನಲ್ಲೋ ಇನ್ಷೂರೆನ್ಸಿನಲ್ಲೋ ಯಾವುದು ಬರುತ್ತದೆ, ಯಾವುದಕ್ಕೆ ಕೈಯಿಂದ ಹಾಕಬೇಕು ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಿ. ನಾವು ಕೇಳದೆ ಕೊನೆಯ ಗಳಿಗೆಯಲ್ಲಿ ಓಡಾಡಿದೆವು.

ಅಕ್ಕನ ತೊಡೆಸಂದಿನಲ್ಲಿ ಅಂಗೈಯಗಲದ ನೀಲಿ ಕಲೆ ಎರಡು ವಾರ ಇತ್ತು, ಅಷ್ಟೇ ತೊಂದರೆ. ಐದನೇ ದಿನಕ್ಕೆ ಕಾಜಾ ಹಾಕುವ ಕೆಲಸ ಹಿಡಿದಳು, ಪೆಡಲ್ ತುಳಿಯಲು ಇನ್ನೊಂದು ವಾರ ಬಿಡಲಿಲ್ಲ. ಮೂರು ತಿಂಗಳ ನಂತರದ ಹೋಲ್ಟರಿನಲ್ಲಿ 1,900 ವಿಪಿಸಿ ಉಳಿದಿದ್ದವು. ಆಕಾರವೂ ಬೇರೆ, ಅಂದರೆ ಹಳೆಯ ಊರಿನವಲ್ಲ, ಇನ್ನೊಂದು ಊರಿನವು. ನನಗೆ ಸೋತ ಹಾಗಾಯಿತು. ಡಾಕ್ಟರು ನಕ್ಕು, ‘ಇವನ್ನ ಮುಟ್ಟೋದು ಬೇಡ, ಇರಲಿ ಬಿಡಿ’ ಅಂದರು. ಎಕೋದಲ್ಲಿ 47 ಇದ್ದ ಇಎಫ್ 54 ಆಗಿತ್ತು. ಮೆಟೊಪ್ರೊಲಾಲ್ ನಿಂತಿದೆ, ಮುಂದಿನ ಎಕೋ ದೀಪಾವಳಿ ಕಳೆದ ಮೇಲೆ.

ಹಳೆಯ ಹೋಲ್ಟರ್ ವರದಿ ಅಳತೆ ಪುಸ್ತಕದ ಜೊತೆ ಅಂಗಡಿಯ ಡ್ರಾಯರಿನಲ್ಲೇ ಇದೆ. ಮೊನ್ನೆ ಹೋದಾಗ ಅಕ್ಕ ಹೊಲಿಯುತ್ತಿದ್ದವಳು ತಟ್ಟನೆ ನಿಲ್ಲಿಸಿ, ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದಳು. ನಾನು ಬಾಯಿ ಬಿಡುವ ಮೊದಲೇ, ‘ಒಂದು ಬಿಡ್ತು’ ಅಂದಳು. ಆಮೇಲೆ ಪೆಡಲ್ ತುಳಿದಳು.